ಬಿಳಿ ಗೆರೆ ಮುಗಿದ ಜಾಗ

ಕಾರಿನ ವೇಗ ಅರವತ್ತೆಂಟಕ್ಕೆ ಬಂದು ನಿಂತ ಮೇಲೆ ಇನ್ಸ್‌ಪೆಕ್ಟರ್ ಅಂಜನಾ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಹಿಂದಿನ ಸೀಟಿನಲ್ಲಿದ್ದ ಹವಾಲ್ದಾರ ಹುಲೆಪ್ಪ ಮೆಲ್ಲಗೆ ಮುಂದಿನ ಸೀಟಿನ ಬೆನ್ನು ಹಿಡಿದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಕುಡಿದವರು ಓಡಿಸಿದ ಗಾಡಿಯಲ್ಲಿ ಕೂತಿದ್ದ, ಬ್ರೇಕಿಲ್ಲದ ಜೀಪಿನಲ್ಲೂ ಕೂತಿದ್ದ. ಯಾರೂ ಓಡಿಸದ ಗಾಡಿಯಲ್ಲಿ ಕೂತದ್ದು ಇದೇ ಮೊದಲು.

ಕಾರಿಗೆ ಮಾತ್ರ ಯಾವ ಗಾಬರಿಯೂ ಇರಲಿಲ್ಲ. ಬೀಳಗಿಯಿಂದ ಜಮಖಂಡಿಗೆ ಹೋಗುವ ರಸ್ತೆಯ ಆ ಒಂಬತ್ತು ಕಿಲೋಮೀಟರಿಗೆ ಹೊಸ ಡಾಂಬರು ಬಿದ್ದಿತ್ತು. ಎರಡೂ ಅಂಚಿಗೆ ಸುಣ್ಣ ಬಳಿದಷ್ಟು ಬೆಳ್ಳಗಿನ ಗೆರೆ. ಕಾರು ಎಡದ ಗೆರೆಯ ಕಡೆ ತುಸು ವಾಲಿದರೆ ಸ್ಟೇರಿಂಗು ತಾನಾಗಿಯೇ ಕೂದಲೆಳೆಯಷ್ಟು ಬಲಕ್ಕೆ ಹೊರಳಿ ಮತ್ತೆ ನಡುವಿಗೆ ತರುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ವೀರೇಶ ಗಡಿಯಾರ ನೋಡಿ ಎಣಿಸುತ್ತಿದ್ದ. ರನ್ನ ಬೆಳಗಲಿಯ ಈ ಹುಡುಗ ಹನ್ನೆರಡು ವರ್ಷದಿಂದ ಕಾರು ರಿಪೇರಿಯಲ್ಲೇ ಪಳಗಿದವನು. ಅಪಘಾತವಾದ ಕಾರಿನದೇ ಮಾದರಿಯ ಇನ್ನೊಂದನ್ನು ಅಂಜನಾ ಕೇಳಿದ್ದಕ್ಕೆ ಬಾಗಲಕೋಟೆಯಿಂದ ತಂದುಕೊಟ್ಟಿದ್ದ.

ಹದಿನೈದನೆಯ ಸೆಕೆಂಡಿಗೆ ಎದುರಿನ ಪರದೆಯ ಮೇಲೆ ಕೆಂಪು ಕೈಯ ಚಿತ್ರ ಮೂಡಿ ಗಂಟೆ ಬಾರಿಸಿತು. ಇಪ್ಪತ್ತೈದಕ್ಕೆ ಗಂಟೆಯ ಸದ್ದು ಜೋರಾಯಿತು. ಮೂವತ್ತಕ್ಕೆ ಪರದೆಯ ಮೇಲಿನ ಹಸಿರು ಗೆರೆಗಳು ಬೂದಿಬಣ್ಣಕ್ಕೆ ತಿರುಗಿದವು, ಸ್ಟೇರಿಂಗು ಸಡಿಲವಾಯಿತು. ಅಂಜನಾ ಅವಸರವಿಲ್ಲದೆ ಅದನ್ನು ಕೈಗೆ ತೆಗೆದುಕೊಂಡಳು.

"ಇಷ್ಟರೀ ಇದರ ತಾಕತ್ತು," ಎಂದ ವೀರೇಶ. "ಕನ್ನಡಿ ಹಿಂದಿನ ಕ್ಯಾಮೆರಾ ಗೆರಿ ನೋಡ್ತೈತಿ. ಗೆರಿ ಕಾಣೂತನಕ ಗಾಡೀನ ನಡುವ ಇಡತೈತಿ. ಕೈ ಇಲ್ಲಂದ್ರ ಅರ್ಧ ನಿಮಿಷ ನೋಡಿ ಕೈ ಬಿಡತೈತ್ರಿ."

ಐದು ದಿನದ ಹಿಂದೆ ಬೆಳಿಗ್ಗೆ ಇದೇ ರಸ್ತೆಯಲ್ಲಿ ಬೀಳಗಿಯ ನಿವೃತ್ತ ಭೂಮಾಪಕ ಶಿದ್ರಾಮಪ್ಪ ಒಬ್ಬರೇ ಕಾರಿನಲ್ಲಿ ಜಮಖಂಡಿಯ ಕೋರ್ಟಿಗೆ ಹೊರಟಿದ್ದರು. ಹಿನ್ನೀರಿನ ದಂಡೆಯ ಹದಿನಾಲ್ಕು ಎಕರೆಯ ಗಡಿ ಯಾರದೆಂದು ಅವರು ಸಾಕ್ಷಿ ಹೇಳಬೇಕಿತ್ತು. ಕೋರ್ಟು ಮುಟ್ಟಲಿಲ್ಲ. ಹಳ್ಳಕ್ಕೆ ಬಿದ್ದ ಕಾರಿನಿಂದ ಎತ್ತಿ ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದ್ದ ಅವರಿಗೆ ಇನ್ನೂ ಎಚ್ಚರವಾಗಿರಲಿಲ್ಲ, ಮತ್ತು ನಿನ್ನೆ ಬಂದ ವರದಿಯ ಪ್ರಕಾರ ಅವರ ರಕ್ತದಲ್ಲಿ ನಿದ್ದೆ ಮಾತ್ರೆಯ ಅಂಶವಿತ್ತು.

ಊರಿನಲ್ಲಿ ಎರಡು ಮಾತು ಓಡಾಡುತ್ತಿದ್ದವು. ಕಾರೇ ಸ್ಟೇರಿಂಗ್ ಎಳೆದುಕೊಂಡು ಹಳ್ಳಕ್ಕೆ ಹೋಯಿತು ಎಂಬುದು ಒಂದು. ಶಿದ್ರಾಮಪ್ಪನವರ ಸೋದರಳಿಯ ಜ್ಞಾನೇಶ್ವರ ಹಬ್ಬಿಸಿದ ಈ ಮಾತು ಮುಧೋಳದ ಚಹಾದ ಅಂಗಡಿಗಳನ್ನೂ ರಬಕವಿ-ಬನಹಟ್ಟಿಯ ಮಗ್ಗಗಳನ್ನೂ ದಾಟಿ ಹೋಗಿತ್ತು. ಮುದುಕ ಮಾತ್ರೆ ನುಂಗಿ ನಿದ್ದೆ ಹೋದ ಎಂಬುದು ಇನ್ನೊಂದು. ಅಂಜನಾಳ ಮೇಲಿನವರಿಗೆ ಎರಡನೆಯದು ಹಿಡಿಸಿತ್ತು, ಕಡತ ಬೇಗ ಮುಚ್ಚುತ್ತದೆ.

ಅಂಜನಾ ಎರಡನ್ನೂ ನಂಬಿರಲಿಲ್ಲ. ಅವಳ ಅಪ್ಪ ಮೂವತ್ತು ವರ್ಷ ಬೀಳಗಿ–ಬಾಗಲಕೋಟೆ ಬಸ್ಸು ಓಡಿಸಿದವರು. ಬಸ್ಸು ಯಾಕೆ ಕೆಟ್ಟಿತೆಂದು ಕೇಳಬೇಡ, ಎಲ್ಲಿ ಕೆಟ್ಟಿತೆಂದು ಮೊದಲು ನೋಡು ಎಂದು ಅವರು ಹೇಳುತ್ತಿದ್ದರು.

ಮೊದಲ ಮಾತನ್ನು ಅವಳು ಅಲ್ಲೇ ಪರೀಕ್ಷಿಸಿದಳು. ಇಂಡಿಕೇಟರ್ ಹಾಕದೆ, ಬೇಕೆಂದೇ ಎಡದ ಗೆರೆಯ ಮೇಲೆ ಕಾರನ್ನು ಹಾಯಿಸಿದಳು. ಸ್ಟೇರಿಂಗು ನಡುಗಿತು, ಆಮೇಲೆ ಬಲಕ್ಕೆ ಎಳೆಯಿತು. ಚಿಕ್ಕ ಕೂಸು ಸೆರಗು ಹಿಡಿದು ಜಗ್ಗಿದಷ್ಟು ಎಳೆತ. ಅವಳು ಒಂದೇ ಬೆರಳು ಕೊಟ್ಟು ಅದನ್ನು ಸೋಲಿಸಿದಳು. ಇಂಡಿಕೇಟರ್ ಹಾಕಿ ದಾಟಿದಾಗ ಕಾರು ತುಟಿ ಪಿಟಕ್ಕೆನ್ನಲಿಲ್ಲ.

"ಎಚ್ಚರಿದ್ದ ಮನಶ್ಯಾನ್ನ ಇದು ಹಳ್ಳಕ್ಕ ಒಯ್ಯೂದಿಲ್ಲ," ಎಂದಳು.

ಹುಲೆಪ್ಪ ಹಿಂದಿನಿಂದ ಹೌದೆಂದ. ಹಾಗಾದರೆ ನಿದ್ದೆ ಹೋಗಿದ್ದೇ ಖರೆಯಲ್ಲವೇ ಎಂದೂ ಕೇಳಿದ.

ಅವಳು ಕಾರನ್ನು ಬದಿಗೆ ತಂದಳು. ಆ ಜಾಗ ಬಂದಿತ್ತು.

ಅಲ್ಲಿ ಹಳ್ಳ ದಾಟಲು ಒಂದು ಸಣ್ಣ ಸಿಡಿ, ಮೋರಿಯಂಥ ಕಿರುಸೇತುವೆ. ಗುತ್ತಿಗೆದಾರ ಸಿಡಿಯ ಈಚೆಗೇ ಕೆಲಸ ನಿಲ್ಲಿಸಿದ್ದ. ಬಿಳಿ ಗೆರೆ ಕತ್ತರಿಸಿದಂತೆ ಮುಗಿದಿತ್ತು. ಮುಂದೆ ಬರೀ ಕಪ್ಪು ಡಾಂಬರು. ರಸ್ತೆ ಅಲ್ಲಿಂದ ಬಲಕ್ಕೆ ತಿರುಗುತ್ತದೆ, ಶಿದ್ರಾಮಪ್ಪನವರ ಕಾರು ಎಡಕ್ಕೆ ಇಳಿದು ಹಳ್ಳದ ಕಲ್ಲಿಗೆ ಗುದ್ದಿತ್ತು. ಬ್ರೇಕು ಒತ್ತಿದ ಕರಿ ಗುರುತು ಎಲ್ಲೂ ಇರಲಿಲ್ಲ.

ಗೆರೆ ಮುಗಿದ ಜಾಗದಿಂದ ಕಾರು ರಸ್ತೆ ಬಿಟ್ಟ ಜಾಗಕ್ಕೆ ಅಂಜನಾ ಹೆಜ್ಜೆ ಹಾಕಿ ಅಳೆದಳು. ಮೂವತ್ತು ಹೆಜ್ಜೆಯೂ ಆಗಲಿಲ್ಲ.

ಒಂಬತ್ತು ಕಿಲೋಮೀಟರು ಉದ್ದದ ಗೆರೆ. ಅದರಲ್ಲಿ ಎಲ್ಲೂ ತಪ್ಪದ ಕಾರು ಗೆರೆ ಮುಗಿದ ಮರುಗಳಿಗೆಯೇ ತಪ್ಪಿತು. ಓಡಿಸುತ್ತಿದ್ದದ್ದು ಮನುಷ್ಯನಾಗಿದ್ದರೆ ಅವನಿಗೆ ಗೆರೆ ಇದ್ದರೇನು, ಇಲ್ಲದಿದ್ದರೇನು?

"ಅಂದ್ರ ಗಾಡಿ ತಾನ ಓಡಾಕತ್ತಿತ್ತು," ಎಂದಳು. "ಅವರು ಬಾಳ ಮೊದಲ ಮಲಗಿದ್ರು."

ವೀರೇಶ ತಲೆಯಾಡಿಸಿದ. ಅದು ಆಗದ ಮಾತು ಎಂದ. ಕೈ ಬಿಟ್ಟ ಮೇಲೆ ಕಾರು ಅರ್ಧ ನಿಮಿಷ ಕಾಯುತ್ತದೆ, ಅಷ್ಟರಲ್ಲಿ ಹೆಚ್ಚೆಂದರೆ ಅರ್ಧ ಕಿಲೋಮೀಟರು ದಾಟುತ್ತದೆ. ಅಲ್ಲದೆ ಆ ಕಾರಿನ ಪೆಟ್ಟಿಗೆಯಲ್ಲಿ ದಾಖಲಾಗಿದ್ದ ಕೊನೆಯ ಐದು ಸೆಕೆಂಡುಗಳನ್ನು ಅವನು ನಿನ್ನೆಯೇ ತೆಗೆದಿದ್ದ. ಅದರಲ್ಲಿ ಕೈ ಇಲ್ಲವೆಂಬ ಎಚ್ಚರಿಕೆ ಇರಲಿಲ್ಲ. ಕೈ ಇದೆ ಎಂದೇ ಕಾರು ಬರೆದುಕೊಂಡಿತ್ತು.

"ಕೈ ಐತಿ ಅಂತ ಅದಕ್ಕ ಹ್ಯಾಂಗ ಗೊತ್ತಾಗತೈತಿ?"

ಸ್ಟೇರಿಂಗಿನ ಮೇಲೆ ಸಣ್ಣ ಒತ್ತು ಬಿದ್ದರೆ ಕೈ ಇದೆ ಎಂದು ಲೆಕ್ಕ ಎಂದು ವೀರೇಶ ವಿವರಿಸಿದ. ಮೊಬೈಲಿನಲ್ಲಿ ಆ ಐದು ಸೆಕೆಂಡಿನ ಒತ್ತಿನ ಗೆರೆಚಿತ್ರವನ್ನೂ ತೋರಿಸಿದ. ಪಕ್ಕದಲ್ಲೇ ಅಂಜನಾ ಈಗಷ್ಟೇ ಓಡಿಸಿದ್ದರ ಚಿತ್ರ. ಅವಳ ಗೆರೆ ಇರುವೆ ಸಾಲಿನಂತೆ ಮೇಲೆ ಕೆಳಗೆ ಹರಿದಾಡಿತ್ತು. ಶಿದ್ರಾಮಪ್ಪನವರದು ಪಟ್ಟಿ ಹಿಡಿದು ಎಳೆದಂತೆ ನೆಟ್ಟಗಿತ್ತು.

ಅಂಜನಾ ಎರಡೂ ಗೆರೆಗಳ ಮೇಲೆ ಬೆರಳಾಡಿಸಿದಳು.

"ಜೀವ ಇದ್ದ ಕೈ ಸುಮ್ಮನ ಇರೂದಿಲ್ಲ ವೀರೇಶ. ಇದು ಕೈ ಅಲ್ಲ. ತೂಕ."

ಇಲ್ಲಿಗೆ ಹೊರಡುವ ಮೊದಲು ಠಾಣೆಯ ಹಿತ್ತಲಲ್ಲಿ ನಿಂತ ನುಜ್ಜುಗುಜ್ಜಾದ ಕಾರಿನ ಸ್ಟೇರಿಂಗನ್ನು ಅವಳು ನೋಡಿದ್ದಳು. ಎಲ್ಲ ಕಡೆ ಧೂಳು, ಎಡಬದಿಗೆ ಮಾತ್ರ ಎರಡು ಬೆರಳಗಲ ನುಣ್ಣಗೆ ಹೊಳೆಯುವ ಜಾಗ. ಅಲ್ಲಿ ಭಾರದ ಏನೋ ಒಂದು ತೂಗುಬಿದ್ದಿತ್ತು. ಗೆರೆ ಇರುವವರೆಗೆ ಕಾರು ಅದರ ಎಳೆತವನ್ನು ತಡೆದುಕೊಂಡು ನೆಟ್ಟಗೆ ಹೋಯಿತು. ಗೆರೆ ಮುಗಿದು ಕಾರು ಕೈಬಿಟ್ಟೊಡನೆ ಆ ತೂಕವೇ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿತು. ಎಲ್ಲವೂ ಕೂಡಿ ಬಂತು, ಒಂದನ್ನು ಬಿಟ್ಟು. ಆ ತೂಕ ಈಗ ಕಾರಿನಲ್ಲಿ ಇರಲಿಲ್ಲ. ಪೊಲೀಸರು ಬರುವ ಮೊದಲೇ ಯಾರೋ ತೆಗೆದಿದ್ದರು.

ಹಳ್ಳದ ಆಚೆ ಕಬ್ಬಿಗೆ ನೀರು ಬಿಡುತ್ತಿದ್ದ ಧರ್ಮರಾಜನನ್ನು ಅವಳು ಕೂಗಿ ಕರೆದಳು. ಆ ದಿನ ಪೊಲೀಸರಿಗೆ ಫೋನ್ ಮಾಡಿದವನು ಅವನೇ. ಹೇಳಿಕೆಯನ್ನು ಮತ್ತೊಮ್ಮೆ ಹೇಳಿಸಿದಳು. ಹೊಲದ ಆ ತುದಿಯ ಪಂಪಿನ ಹತ್ತಿರ ಇದ್ದಾಗ ಸದ್ದು ಕೇಳಿತು, ಬದುವಿನ ಮೇಲೆ ಓಡಿ ಬಂದೆ ಎಂದ. ಬಂದಾಗ ಯಾರಿದ್ದರು ಎಂದು ಕೇಳಿದ್ದಕ್ಕೆ, "ಅವರ ಅಳಿಯ ಆಗಲೇ ಬಂದು ನಿಂತಿದ್ರಿ. ಬಾಗಲಾ ತಗದು ಒಳಗ ಬಗ್ಗಿದ್ರು," ಎಂದ.

ಅಂಜನಾ ಹುಲೆಪ್ಪನನ್ನು ಪಂಪಿನಿಂದ ಓಡಿ ಬರಲು ಹೇಳಿದಳು. ಹುಲೆಪ್ಪ ಹೊಟ್ಟೆ ಹಿಡಿದುಕೊಂಡು ಓಡಿ ಬಂದ. ಐದೂವರೆ ನಿಮಿಷ. ಧರ್ಮರಾಜ ಇವನಿಗಿಂತ ತಡ ಮಾಡಿರಲಾರ.

ಜ್ಞಾನೇಶ್ವರನ ಅಂಗಡಿ ಜಮಖಂಡಿಯ ಪ್ಯಾಟಿಯಲ್ಲಿ, ಇಲ್ಲಿಂದ ಏಳು ಕಿಲೋಮೀಟರು.

"ನಡೀರಿ," ಎಂದಳು ಅಂಜನಾ, "ಅಳಿಯನ ಅಂಗಡ್ಯಾಗ ಚಾ ಕುಡಿಯೂನು."

ಜ್ಞಾನೇಶ್ವರನದು ಕಾರಿನ ಸಾಮಾನಿನ ಅಂಗಡಿ. ಸೀಟಿನ ಹೊದಿಕೆ, ಕಾಲೊರಸು, ಕನ್ನಡಿಗೆ ಕಟ್ಟುವ ಮಣಿಸರ. ಇಪ್ಪತ್ತೊಂಬತ್ತರ ಹರೆಯ, ನುಣ್ಣಗೆ ಕ್ಷೌರ ಮಾಡಿದ ಮುಖ, ಐದು ದಿನದಿಂದ ನಿದ್ದೆ ಇಲ್ಲದ ಕಣ್ಣು. ತಂದೆ ತೀರಿದ ಮೇಲೆ ಅವನನ್ನು ಓದಿಸಿ ಅಂಗಡಿ ಹಾಕಿಕೊಟ್ಟವರು ಸೋದರಮಾವ ಶಿದ್ರಾಮಪ್ಪ ಮತ್ತು ಅವರ ಹೆಂಡತಿ, ಅತ್ತೆ ಮಾದೇವಿ. ಇಡೀ ಜಮಖಂಡಿಗೆ ಇದು ಗೊತ್ತು.

ಅವನು ಕುರ್ಚಿ ಹಾಕಿ ಕೂರಿಸಿದ, ಚಹಾ ತರಿಸಿದ. ಅವರು ಬಾಯಿ ಬಿಡುವ ಮೊದಲೇ ತನ್ನ ಮಾತು ಶುರುಮಾಡಿದ. ಕಂಪನಿಯನ್ನು ಬಿಡುವುದಿಲ್ಲ, ಕಾರು ಮಾವನ ಕೈ ಮೀರಿ ಎಳೆದಿದೆ, ಕೈ ಇಲ್ಲದಿದ್ದರೆ ಅದು ಎಚ್ಚರಿಸಬೇಕಿತ್ತು, ಎಚ್ಚರಿಸಿಲ್ಲ, ಅಂದರೆ ಮಾವನ ಕೈ ಅಲ್ಲೇ ಇತ್ತು, ಮಾವ ಎಚ್ಚರಿದ್ದರು.

ಮಾತು ಗಟ್ಟಿಯಾಗಿತ್ತು. ಅಂಜನಾ ಪೂರ್ತಿ ಕೇಳಿದಳು.

ಆಮೇಲೆ ಎದ್ದು, ಗೋಡೆಗೆ ಸಾಲಾಗಿ ನೇತುಹಾಕಿದ್ದ ಸಾಮಾನುಗಳ ಕಡೆ ಹೋದಳು. ಮೂರನೆಯ ಸಾಲಿನಲ್ಲಿ ಲಾಳದಂತೆ ಬಾಗಿದ ಕಬ್ಬಿಣದ ತುಂಡುಗಳಿದ್ದವು, ಮೇಲೆ ಕರಿ ರಬ್ಬರು. ಒಂದನ್ನು ತೆಗೆದು ತನ್ನ ಎರಡು ಬೆರಳಿನ ಅಗಲಕ್ಕೆ ಹಿಡಿದು ನೋಡಿದಳು. ಸರಿಯಾಗಿತ್ತು.

"ಇದಕ್ಕ ಏನಂತೀರಿ ತಮ್ಮಾ?"

ಜ್ಞಾನೇಶ್ವರನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

"ಸ್ಟೇರಿಂಗಿಗೆ ಹಾಕೂ ಗುಂಡ್ರಿ."

"ಮಾವಗ ಒಂದ ಕೊಟ್ಟಿದ್ದಿ."

ಅಂಜನಾ ಆ ತುಂಡನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು. ಒಂದೇ ಬೆರಳಿನಿಂದ ಆ ಕಾರನ್ನು ತಾನು ತಿರುಗಿಸಿದ್ದನ್ನು ಹೇಳಿದಳು. ನಡುಗದ ಕೈಯ ಚಿತ್ರವನ್ನು ಹೇಳಿದಳು, ಸ್ಟೇರಿಂಗಿನ ಎಡಬದಿಯ ಹೊಳಪನ್ನು ಹೇಳಿದಳು. ದನಿ ಏರಿಸಲಿಲ್ಲ. ಪಾಠ ಒಪ್ಪಿಸುವವರಂತೆ ಒಂದಾದ ಮೇಲೊಂದು ಇಟ್ಟಳು.

ಜ್ಞಾನೇಶ್ವರ ಲೋಟ ಕೆಳಗಿಟ್ಟ. ಹೆಗಲು ಇಳಿಯಿತು.

ಮಾವನಿಗೆ ಮೊಣಕಾಲು ನೋವು, ಭುಜ ನೋವು ಎಂದ. ಹೊಸ ಗೆರೆ ಬಿದ್ದಾಗಿನಿಂದ ಆ ಒಂಬತ್ತು ಕಿಲೋಮೀಟರು ಅವರಿಗೆ ಹಬ್ಬ. ಗುಂಡು ಹಾಕಿ, ಕಾಲೊತ್ತದೆ ಓಡುವಂತೆ ವೇಗ ಕಟ್ಟಿಟ್ಟು, ಕೈ ಕಟ್ಟಿ ಕೂರುತ್ತಿದ್ದರು. 'ನಲವತ್ತು ವರ್ಷ ನಾ ಗೆರಿ ಎಳದೆ, ಈಗ ಗೆರಿ ನನ್ನ ಎಳಕೊಂಡ ಹೋಗತೈತಿ' ಎಂದು ನಗುತ್ತಿದ್ದರಂತೆ. ಆ ದಿನ ತಾನು ಹೋಗಿ ನೋಡಿದಾಗ ಮಾವ ಸ್ಟೇರಿಂಗಿನ ಮೇಲೆ ಬಿದ್ದಿದ್ದರು, ಗುಂಡು ಅಲ್ಲೇ ಇತ್ತು. ತಾನು ಕೊಟ್ಟ ಗುಂಡೇ ಮಾವನನ್ನು ಕೊಂದಿತು ಅನ್ನಿಸಿತು. ತೆಗೆದು ಕಿಸೆಗೆ ಹಾಕಿಕೊಂಡೆ ಎಂದ.

"ಜನಕ್ಕ ಹ್ಯಾಂಗ ಮಾರಿ ತೋರಸ್ಲಿ ಅಂತ ತಪ್ಪ ಗಾಡಿ ಮ್ಯಾಲ ಹಾಕಿದ್ನಿರಿ. ನಿದ್ದಿ ಮಾತ್ರಿ ನನಗ ಖರೇನ ಗೊತ್ತಿಲ್ರಿ."

ಹುಲೆಪ್ಪ ನಿಟ್ಟುಸಿರು ಬಿಟ್ಟ. ಅವನ ಮಟ್ಟಿಗೆ ಪ್ರಕರಣ ಮುಗಿದಿತ್ತು. ಆದರೆ ಅಂಜನಾ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ಗುಂಡಿನ ಮಾತು ನಂಬತೀನಿ," ಎಂದಳು. "ಈಗ ಇನ್ನೊಂದು ಹೇಳು. ಗಾಡಿ ಬಿದ್ದು ಐದೂವರಿ ನಿಮಿಷಕ್ಕ ಧರ್ಮರಾಜ ಬಂದಾನ. ಅಷ್ಟರಾಗ ನೀ ಅಲ್ಲಿದ್ದಿ. ಇಲ್ಲಿಂದ ಎಷ್ಟ ಜೋರ ಹೊಡದ್ರೂ ಎಂಟ ನಿಮಿಷ. ಗಾಡಿ ಬೀಳೂಕಿಂತ ಮೊದಲ ನೀ ಅಂಗಡಿ ಬಿಟ್ಟೀದಿ."

ಜ್ಞಾನೇಶ್ವರನ ಮುಖದಲ್ಲಿ ಅವಳು ಹೆದರಿಕೆಯನ್ನು ಹುಡುಕಿದಳು. ಕಂಡದ್ದು ಹೆದರಿಕೆಯಲ್ಲ. ಲೆಕ್ಕ ತಿಳಿಯದ ಹುಡುಗನ ಗೊಂದಲ.

ಅದು ಹೇಗಾಗುತ್ತದೆ ಎಂದ. ಫೋನ್ ಬಂದ ಮೇಲೆ ತಾನೇ ಹೋದದ್ದು, ಗಾಡಿ ಬಿದ್ದಿದೆ ಎಂದು ಹೇಳಿದ ಮೇಲೆ.

"ಫೋನ್ ಮಾಡಿದವರು ಯಾರು?"

ಆ ಪ್ರಶ್ನೆಯನ್ನು ಐದು ದಿನದಲ್ಲಿ ಯಾರೂ ಕೇಳಿರಲಿಲ್ಲ. ಧರ್ಮರಾಜನೇ ತಿಳಿಸಿರಬೇಕೆಂದು ಹೇಳಿಕೆ ಬರೆದುಕೊಂಡವರು ಅಂದುಕೊಂಡಿದ್ದರು. ಅಂಜನಾ ಕೈ ಚಾಚಿದಳು. ಅವನು ಮೊಬೈಲ್ ತೆಗೆದು, ಆ ದಿನದ ಕರೆಗಳನ್ನು ಹುಡುಕಿ, ಅವಳ ಅಂಗೈಯಲ್ಲಿಟ್ಟ.

ಕರೆ ಬಂದ ಸಮಯ ಹತ್ತು ಗಂಟೆ ಹನ್ನೊಂದು ನಿಮಿಷ.

ಅಂಜನಾ ವೀರೇಶನ ಕಡೆ ನೋಡಿದಳು. ಗುದ್ದಿ ಏರ್‌ಬ್ಯಾಗ್ ಬಿಚ್ಚಿದ ಗಳಿಗೆಯಲ್ಲೇ ಆ ಕಾರು ಕಂಪನಿಗೆ ತಾನಾಗಿ ಸಂದೇಶ ಕಳಿಸಿತ್ತು. ಅದರ ಸಮಯವನ್ನು ವೀರೇಶ ಬಾಯಿಪಾಠ ಮಾಡಿದ್ದ. "ಹತ್ತು ಹದಿನಾಲ್ಕು ರೀ," ಎಂದ ಮೆಲ್ಲಗೆ.

ಕಾರು ಬೀಳುವ ಮೂರು ನಿಮಿಷ ಮೊದಲು, ಕಾರು ಬಿದ್ದಿದೆ ಎಂದು ಯಾರೋ ಹೇಳಿದ್ದರು.

ಹೇಳಿದವರು ಅಲ್ಲಿ ನಿಂತು ನೋಡಿರಲಿಲ್ಲ. ಅಂಜನಾಳಿಗೆ ಅದು ಆ ಕ್ಷಣವೇ ಹೊಳೆಯಿತು. ಅವರು ಗಡಿಯಾರ ನೋಡಿದ್ದರು. ಶಿದ್ರಾಮಪ್ಪ ಮನೆ ಬಿಟ್ಟ ಹೊತ್ತು ಅವರಿಗೆ ಗೊತ್ತಿತ್ತು, ಕಟ್ಟಿಟ್ಟ ವೇಗ ಗೊತ್ತಿತ್ತು, ಗುಂಡು ಗೊತ್ತಿತ್ತು, ಗೆರೆ ಎಲ್ಲಿ ಮುಗಿಯುತ್ತದೆಂದೂ ಗೊತ್ತಿತ್ತು. ಗುಂಡು ಕಂಡರೆ ಅಳಿಯ ಹೆದರಿ ಅದನ್ನು ತೆಗೆದಿಡುತ್ತಾನೆಂದೂ ಗೊತ್ತಿತ್ತು. ದಾರಿಯಲ್ಲಿ ಮೂರು ನಿಮಿಷ ತಡವಾದದ್ದು ಮಾತ್ರ ಗೊತ್ತಿರಲಿಲ್ಲ.

ಅವಳು ಪರದೆಯ ಮೇಲಿನ ಹೆಸರು ಓದಿದಳು. ಎರಡನೆಯ ಸಲ ಓದಿದಳು.

'ಅತ್ತಿ' ಎಂದಿತ್ತು.

"ಏನಂದ್ರು ನಿಮ್ಮ ಅತ್ತಿ? ಇದ್ದಂಗ ಹೇಳು."

"ನಿಮ್ಮ ಮಾವನ ಗಾಡಿ ಗೆರಿ ಮುಗಿಯೂ ಹಳ್ಳದಾಗ ಬಿದ್ದೈತಿ, ಲಗೂನ ಹೋಗು ಅಂದ್ಲ್ರಿ. ನಾ ಹೇಳೀನಿ ಅಂತ ಯಾರಿಗೂ ಹೇಳಬ್ಯಾಡ, ಪೊಲೀಸ್ರು ಮನೀಗಿ ಬರೂದು ಬ್ಯಾಡ ಅಂದ್ಲು." ಅವನ ದನಿ ತಗ್ಗಿತು. "ಯಾರೋ ದಾರಿಲೆ ಹೋಗವ್ರು ಅತ್ತಿಗೆ ತಿಳಿಸ್ಯಾರ ಅಂತ ತಿಳಕೊಂಡೆರಿ."

ಮಾದೇವಿಯ ಹೇಳಿಕೆ ಅಂಜನಾಳಿಗೆ ಅಕ್ಷರಶಃ ನೆನಪಿತ್ತು. ಅವಳೇ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಬರೆದುಕೊಂಡದ್ದು. ಬೆಳಿಗ್ಗೆ ಗಂಡನಿಗೆ ರೊಟ್ಟಿ ಬಡಿಸಿ, ಮಜ್ಜಿಗೆ ಕುಡಿಸಿ ಕಳಿಸಿದೆ, ಹತ್ತೂ ನಲವತ್ತಕ್ಕೆ ಅಳಿಯ ಫೋನ್ ಮಾಡಿದಾಗಲೇ ಸುದ್ದಿ ತಿಳಿಯಿತು ಎಂದಿದ್ದಳು. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಟ್ಟಿ ಹೆಣ್ಣುಮಗಳು ಎಂದು ಅಂಜನಾ ಆ ದಿನ ಮೆಚ್ಚಿಕೊಂಡಿದ್ದಳು.

ಆ ಫೋನನ್ನು ಮಾದೇವಿಯೇ ಮಾಡಿದಳೋ, ಅವಳ ಬಾಯಿಂದ ಯಾರೋ ಹೇಳಿಸಿದರೋ? ಹದಿನಾಲ್ಕು ಎಕರೆಯ ಗಡಿಗೆ ಕಾಯುತ್ತಿದ್ದವರು ಬೀಳಗಿಯಲ್ಲಿ ಕಡಿಮೆ ಇರಲಿಲ್ಲ. ಆದರೆ ಅದನ್ನೆಲ್ಲ ಆಮೇಲೆ ಕೇಳಬಹುದಿತ್ತು.

"ಮಾವನ ಹತ್ರ ಈಗ ಯಾರದಾರ?"

"ಅತ್ತಿ ಒಬ್ಬಾಕಿನ ರೀ. ಐದ ದಿನದಿಂದ ಆಕಿ ಅಲ್ಲಿಂದ ಎದ್ದಿಲ್ಲ."

ಅಂಜನಾ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಕಾವಲಿಗಿದ್ದ ಕಾನ್‌ಸ್ಟೇಬಲ್ ಸಂಧ್ಯಾಗೆ ಫೋನ್ ಹಚ್ಚಿದಳು. ಮೊದಲ ರಿಂಗಿಗೇ ಸಂಧ್ಯಾ ಎತ್ತಿದಳು. ಅವಳ ದನಿಯಲ್ಲಿ ಸಂತೋಷವಿತ್ತು.

"ನಾನ ನಿಮಗ ಮಾಡಾಕತ್ತಿದ್ದೆ ಮೇಡಂ. ಶಿದ್ರಾಮಪ್ಪನವರಿಗೆ ಎಚ್ಚರ ಆತ್ರಿ, ಈಗ ಹತ್ತು ನಿಮಿಷ ಆತು. ಒಂದ ಮಾತು ಆಡಿದ್ರು. ಮಾದೇವಿನ್ನ ಕರೀರಿ ಅಂದ್ರು."

"ನೀ ಎಲ್ಲಿದ್ದಿ ಸಂಧ್ಯಾ?"

"ಹೊರಗ ರೀ. ಗಂಡ ಹೆಂಡತಿ ಏನರ ಮಾತಾಡ್ಕೋಲಿ ಅಂತ ಡಾಕ್ಟರೂ ಹೊರಗ ಬಂದ್ರು."

"ಒಳಗ ಹೋಗು. ಈಗಿಂದೀಗ ಹೋಗು."

ಹೆಜ್ಜೆಯ ಸದ್ದು ಕೇಳಿಸಿತು, ಹಿಡಿಕೆ ತಿರುಗಿಸಿದ ಸದ್ದು. ಮತ್ತೊಮ್ಮೆ ತಿರುಗಿಸಿದ ಸದ್ದು. ಆಮೇಲೆ ಸಂಧ್ಯಾಳ ದನಿ, ಈಗ ಅದರಲ್ಲಿ ಸಂತೋಷವಿರಲಿಲ್ಲ.

"ಮೇಡಂ, ಬಾಗಲಾ ಒಳಗಿಂದ ಹಾಕ್ಯಾರ್ರಿ."